"ಸರಿ ಸಾರ್" ಅಂದಮೇಲೂ ಕೆಲಸ ತಪ್ಪುವುದೇಕೆ?

ನಮಸ್ಕಾರ. ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ (ಒಣಗಿದ ಕಾಫಿಯ ಸಿಪ್ಪೆ ತೆಗೆದು ಕಾಳು ವಿಂಗಡಿಸುವ) ಘಟಕದಲ್ಲಿ ಹೊಸದಾಗಿ ಸೂಪರ್‌ವೈಸರ್ ಆಗಿದ್ದೀರಿ. ಹೇಳಿದ್ದಕ್ಕೆಲ್ಲ ಕೈಕೆಳಗಿನ 8 ಜನವೂ "ಸರಿ ಸಾರ್" ಅನ್ನುತ್ತಾರೆ, ಕೆಲಸ ಮಾತ್ರ ಬೇರೆಯೇ ಆಗಿರುತ್ತದೆ ಎಂದಿದ್ದೀರಿ. ಹಾಸನದ ಕಡೆ ನಾನೂ ಇದೇ ಕೆಲಸ ಮಾಡಿದವನು.

"ಸರಿ" ಎಂದರೆ ಅರ್ಥವಾಯಿತು ಅಂತಲ್ಲ. ಎಷ್ಟೋ ಸಲ ಕೇಳಿಸಿತು ಅಂತ, ಅಷ್ಟೇ. ಒಮ್ಮೆ "ಆ ಲಾಟ್ ತೇವ ನೋಡಿ ಹಾಕಪ್ಪ" ಎಂದು ಹೇಳಿ ಹೋದೆ. ಹುಡುಗ ನಾಲ್ಕು ಕಾಳು ಹಲ್ಲಲ್ಲಿ ಕಚ್ಚಿ ನೋಡಿ ಮಷೀನಿಗೆ ಸುರಿದುಬಿಟ್ಟ. ನನ್ನ ತಲೆಯಲ್ಲಿದ್ದದ್ದು ತೇವ ಅಳೆಯುವ ಮೀಟರ್. ಪಾರ್ಚ್‌ಮೆಂಟ್ (ಒಳಸಿಪ್ಪೆ ಇರುವ ಕಾಫಿ ಕಾಳು) ತೇವ ಶೇ. 10ರ ಹತ್ತಿರ ಇರಬೇಕು, ಆಮೇಲೆ ನೋಡಿದರೆ 13. ಅವನಿಗೆ ಚೆನ್ನಾಗಿ ಬೈದೆ. ಆದರೆ "ಮೀಟರ್" ಅನ್ನುವ ಮಾತು ನನ್ನ ಬಾಯಿಂದ ಬಂದೇ ಇರಲಿಲ್ಲ ಅಲ್ವಾ?

ವಿಮಾನದವರಲ್ಲಿ ಒಂದು ಪದ್ಧತಿ ಇದೆ. ಕಂಟ್ರೋಲ್ ಟವರ್ ಕೊಟ್ಟ ಮುಖ್ಯ ಸೂಚನೆಯನ್ನು ಪೈಲಟ್ ತಿರುಗಿ ಹೇಳಬೇಕು. ತಪ್ಪಿದ್ದರೆ ಟವರ್‌ನವರು ಅಲ್ಲೇ ತಿದ್ದುತ್ತಾರೆ. ನೀವೂ ಅದನ್ನೇ ಮಾಡಿ. "ಅರ್ಥ ಆಯ್ತಾ?" ಎಂದು ಮಾತ್ರ ಕೇಳಬೇಡಿ, ಯಾರೂ ಇಲ್ಲ ಅನ್ನುವುದಿಲ್ಲ. "ಯಾವ ಲಾಟ್ ಮೊದಲು? ಮೀಟರ್ ಎಷ್ಟು ತೋರಿಸಿದರೆ ನಿಲ್ಲಿಸ್ತೀರಿ?" ಎಂದು ಕೇಳಿ. ಮೊದಲ ವಾರ ನಗುತ್ತಾರೆ, ನಗಲಿ ಬಿಡಿ.

ಕಾಳು ಆರಿಸುವ ಹೆಂಗಸರು ಎಲ್ಲರೆದುರು ಬಾಯಿ ಬಿಡುವುದು ಕಡಿಮೆ. ಟೀ ಹೊತ್ತಿಗೆ ಪಕ್ಕದಲ್ಲಿ ಕೂತು "ಏನಕ್ಕಾ, ಕಪ್ಪು ಕಾಳು ಜಾಸ್ತಿ ಬರ್ತಿದೆಯಾ?" ಅಂದು ಸುಮ್ನೆ ಕೇಳಿಸಿಕೊಳ್ಳಿ. ಮೀಟಿಂಗಿನಲ್ಲಿ ಸಿಗದ ಸುದ್ದಿ ಅಲ್ಲಿ ಸಿಗುತ್ತದೆ.

ಜನವರಿಯಲ್ಲಿ ಲೋಡ್ ಮೇಲೆ ಲೋಡ್ ಬಂದು ಬೀಳುವ ಮೊದಲೇ ಶುರುಮಾಡಿ.