ಜೇನ್ ಏರ್ ಮದುವೆಯಾದಳು, ಸರಿ, ದುಡ್ಡಿನ ಮಾತೇನು?

‘ಜೇನ್ ಏರ್’ ಮದುವೆಯಲ್ಲೇ ಮುಗಿಯುವ ಕಾದಂಬರಿ, ಅದರ ನಾಯಕಿಯನ್ನು ಸ್ವತಂತ್ರ ಹೆಣ್ಣು ಎಂದು ಏಕೆ ಕೊಂಡಾಡುತ್ತಾರೆ ಎಂದು ಕೇಳಿದ್ದೀರಿ. ನಾನು ಆ ಮದುವೆಯನ್ನು ಅತ್ತ ಸರಿಸಿ ದುಡ್ಡಿನ ಲೆಕ್ಕ ನೋಡುತ್ತೇನೆ. ಷಾರ್ಲೆಟ್ ಬ್ರಾಂಟೆ 1847ರಲ್ಲಿ ಪ್ರಕಟಿಸಿದ ಈ ಕಥೆಯಲ್ಲಿ ಯಾರ ಕೈಯಲ್ಲಿ ಎಷ್ಟು ಪೌಂಡ್ ಇದೆ ಎಂಬುದು ಪ್ರೇಮದಷ್ಟೇ ಮುಖ್ಯ.

ಅನಾಥೆ ಜೇನ್ ತಾನೇ ಪತ್ರಿಕೆಗೆ ಜಾಹೀರಾತು ಕೊಟ್ಟು, ರಾಚೆಸ್ಟರ್ ಎಂಬ ಸಿರಿವಂತನ ಮನೆಯಲ್ಲಿ ಮಗುವಿಗೆ ಪಾಠ ಹೇಳುವ ಕೆಲಸ ಹಿಡಿಯುತ್ತಾಳೆ. ವರ್ಷಕ್ಕೆ 30 ಪೌಂಡ್ ಸಂಬಳ. ಆ ಯಜಮಾನನೊಂದಿಗೇ ಮದುವೆ ನಿಶ್ಚಯವಾದಾಗ ಅವನು ಅವಳನ್ನು ರೇಷ್ಮೆ ಅಂಗಡಿಗೆ ಕರೆದೊಯ್ದು ಕಣ್ಣು ಕುಕ್ಕುವ ಬಣ್ಣಗಳನ್ನೇ ಆರಿಸುತ್ತಾನೆ. ಅವಳು ಹಟ ಹಿಡಿದು, ಕಪ್ಪು ಸ್ಯಾಟಿನ್ ಮತ್ತು ಬೂದು ಬಣ್ಣದ ರೇಷ್ಮೆಗೆ ಅವನನ್ನು ಒಪ್ಪಿಸುತ್ತಾಳೆ. ಅವನು ಕೊಡಿಸಿದಷ್ಟೂ ಇವಳ ಕೆನ್ನೆ ಅವಮಾನದಿಂದ ಬಿಸಿಯಾಗುತ್ತದೆ. ಮದುವೆಯಾದ ಮೇಲೂ ಪಾಠ ಹೇಳುತ್ತೇನೆ, ಆ 30 ಪೌಂಡಿನಲ್ಲೇ ನನ್ನ ಬಟ್ಟೆ ಕೊಳ್ಳುತ್ತೇನೆ ಎಂದು ಅವನ ಮುಖಕ್ಕೇ ಹೇಳುತ್ತಾಳೆ. ಅವನಿಗೆ ಅದು ತಮಾಷೆ, ಅವಳಿಗಲ್ಲ. ಮನೆಗೆ ಬಂದವಳೇ ಮದೀರಾ ದ್ವೀಪದಲ್ಲಿರುವ ಚಿಕ್ಕಪ್ಪನಿಗೆ ಮದುವೆಯ ವಿಷಯ ತಿಳಿಸಿ ಕಾಗದ ಬರೆಯುತ್ತಾಳೆ. ಮುಂದೆಂದಾದರೂ ಅವನ ಆಸ್ತಿಯಲ್ಲಿ ಒಂದಿಷ್ಟು ಬಂದರೆ ಗಂಡನ ಹಂಗಿನಲ್ಲಿ ಇರಬೇಕಿಲ್ಲ ಎಂಬ ಲೆಕ್ಕಾಚಾರ ಅವಳದು.

ಓದುವ ಭರದಲ್ಲಿ ಈ ಕಾಗದವನ್ನು ಮರೆತುಬಿಡುತ್ತೇವೆ. ಆದರೆ ಆ ಮದುವೆಯನ್ನು ನಿಲ್ಲಿಸುವುದು ಅದೇ. ರಾಚೆಸ್ಟರ್‌ಗೆ ಬರ್ತಾ ಎಂಬ ಹೆಂಡತಿ ಆಗಲೇ ಇದ್ದಾಳೆ. ಕಾಗದ ತಲುಪಿದಾಗ ಅವಳ ಒಡಹುಟ್ಟಿದವನು ಆ ಚಿಕ್ಕಪ್ಪನ ಬಳಿಯಲ್ಲೇ ಇರುತ್ತಾನೆ. ಸುದ್ದಿ ತಿಳಿದು, ಮದುವೆ ತಡೆಯಲು ಇಂಗ್ಲೆಂಡಿಗೆ ಧಾವಿಸುತ್ತಾನೆ. ಸ್ವಂತ ಕಾಸು ಬೇಕೆಂದು ಬರೆದ ನಾಲ್ಕು ಸಾಲು ಅವಳನ್ನು ಮೋಸದ ಮದುವೆಯಿಂದ ಪಾರುಮಾಡಿತು ಎಂದೇ ನಾನು ಓದುತ್ತೇನೆ. ಕಾಕತಾಳೀಯ ಎನ್ನುವವರು ಎನ್ನಲಿ.

ಆಮೇಲೆ ಚಿಕ್ಕಪ್ಪನ 20,000 ಪೌಂಡ್ ಅವಳಿಗೇ ಬರುತ್ತದೆ. ಅದನ್ನು ತಾನೂ ಸೇರಿ ನಾಲ್ವರು ಸೋದರಸಂಬಂಧಿಗಳಿಗೆ ಸಮನಾಗಿ ಹಂಚಿ 5,000 ಉಳಿಸಿಕೊಳ್ಳುತ್ತಾಳೆ. ಅಷ್ಟರಲ್ಲಿ ಮನೆಗೆ ಬೆಂಕಿ ಬಿದ್ದು ಬರ್ತಾ ಸತ್ತಿರುತ್ತಾಳೆ. ಆ ಅವಘಡದಲ್ಲಿ ಕುರುಡನಾದ ರಾಚೆಸ್ಟರ್‌ನ ಮುಂದೆ ನಿಂತು, ನಾನೀಗ ಸ್ವತಂತ್ರಳು, ಹಣವಂತಳು ಕೂಡ ಎಂದು ಹೇಳಿದ ಮೇಲೆಯೇ ಎರಡನೆಯ ಸಲ ಮದುವೆಯ ಮಾತು ಬರುವುದು.

ನಿಮ್ಮ ಅನುಮಾನಕ್ಕೆ ನಿಜವಾದ ಬಲವಿರುವುದು ಕಾನೂನಿನಲ್ಲಿ. ಅಂದಿನ ಇಂಗ್ಲೆಂಡಿನಲ್ಲಿ ಬೇರೆ ಕರಾರು ಬರೆಸದಿದ್ದರೆ, ಮದುವೆಯಾದ ಕ್ಷಣದಿಂದ ಹೆಂಡತಿಯ ಹಣ ಗಂಡನದು. ದುಡಿದ ಸಂಬಳ ಅವಳದೇ ಎಂದಾಗಲು 1870ರ ಕಾಯ್ದೆ ಬರಬೇಕಾಯಿತು. ಉಳಿದ ಆಸ್ತಿಗೆ 1882ರ ಕಾಯ್ದೆ. ಅಂದರೆ ಜೇನ್‌ಳ 5,000 ಪೌಂಡಿಗೆ ಕಾನೂನಿನ ಕಾವಲಿರಲಿಲ್ಲ, ಗಂಡನ ಒಳ್ಳೆಯತನದ ಕಾವಲಷ್ಟೇ.

ಆ ಕಾವಲು ಎಷ್ಟು ಗಟ್ಟಿ ಎಂಬುದಕ್ಕೆ ಕಾದಂಬರಿಯೊಳಗೇ ಸಾಕ್ಷಿಯಿದೆ. ಬರ್ತಾ ಜಮೈಕಾದಿಂದ ತಂದದ್ದು 30,000 ಪೌಂಡ್, ಜೇನ್‌ಳ ಪಾಲಿನ ಆರರಷ್ಟು. ಅದೇ ರಾಚೆಸ್ಟರ್ ಅವಳನ್ನು ಮೂರನೆಯ ಮಹಡಿಯಲ್ಲಿ ಕೂಡಿಹಾಕಿದ್ದ. ಜೇನ್‌ಳ ಪರ ಎಷ್ಟು ವಾದಿಸಿದರೂ ಈ ಲೆಕ್ಕಕ್ಕೆ ನನ್ನ ಬಳಿ ಉತ್ತರವಿಲ್ಲ.