ಬರ್ನ್ ಮಾಡಿದ ಸಿಡಿ ಬೇರೆ ಕಂಪ್ಯೂಟರಿನಲ್ಲಿ ಓದುತ್ತಿಲ್ಲ, ಯಾಕೆ?

ಬರೆದ ಡ್ರೈವಿನಲ್ಲಿ ತೆರೆದುಕೊಳ್ಳುವ ಸಿಡಿ ಇನ್ನೊಂದರಲ್ಲಿ ಖಾಲಿ ಅಂತ ತೋರಿಸುತ್ತಿದ್ದರೆ ನನ್ನ ಮೊದಲ ಅನುಮಾನ ಫೈನಲೈಸ್ ಮೇಲೆ, ಅಂದರೆ ಬರೆದಾದ ಮೇಲೆ ಡಿಸ್ಕನ್ನು ಮುಚ್ಚುವ ಕೊನೆಯ ಹಂತದ ಮೇಲೆ. ಸೆಷನ್ (ಒಂದು ಸಲಕ್ಕೆ ಬರೆದ ಭಾಗ) ಮುಚ್ಚದೆ ಬಿಟ್ಟ ಡಿಸ್ಕನ್ನು ಎಷ್ಟೋ ಡ್ರೈವ್‌ಗಳು ಓದುವುದಿಲ್ಲ. ಬರೆದ ಕಂಪ್ಯೂಟರಿಗೇ ಮತ್ತೆ ಹಾಕಿ, ಸೆಷನ್ ಕ್ಲೋಸ್ ಮಾಡಿ ನೋಡಿ.

ಆಗಲೂ ಆಗಲಿಲ್ವಾ? ಡಿಸ್ಕಿನ ಅಡಿಭಾಗವನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ನಡುವಿನ ತೂತಿನ ಕಡೆಯಿಂದ ಶುರುವಾಗಿ, ಬರೆದಷ್ಟು ಭಾಗದ ಬಣ್ಣ ತುಸು ಬೇರೆ ಇರುತ್ತದೆ. ಎಲ್ಲೂ ಬದಲಾಗಿಲ್ಲ ಅಂದರೆ ಬಹುಶಃ ಏನೂ ಬರೆದೇ ಇಲ್ಲ (ಪೂರ್ತಿ ತುಂಬಿದ ಡಿಸ್ಕ್ ಬೇರೆ ಮಾತು). ಬೆರಳಚ್ಚು ಕಂಡರೆ ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತ ತಿರುಗಿಸಿ ಉಜ್ಜಬೇಡಿ.

ಇಲ್ಲದಿದ್ದರೆ ಸುಮ್ನೆ ಹೊಸ ಸಿಡಿ ತಗೊಂಡು, 52ಎಕ್ಸ್ ಬದಲು 16ಎಕ್ಸ್ ವೇಗದಲ್ಲಿ, ವೆರಿಫೈ (ಬರೆದದ್ದು ಸರಿಯಿದೆಯಾ ಅಂತ ಓದಿ ನೋಡುವ ಆಯ್ಕೆ) ಆನ್ ಮಾಡಿ ಬರೆಯಿರಿ.

ಅಂದಹಾಗೆ, ಹಳೇ ಸಿಡಿ ಡ್ರೈವಿಗೆ ಡಿವಿಡಿ ಹಾಕಿಲ್ಲ ತಾನೆ? ಅದು ಡಿವಿಡಿ ಓದುವುದಿಲ್ಲ.