ಏರಿಗೆ ಉಸಿರು, ಇಳಿಜಾರಿಗೆ ಮಂಡಿ

ವಾರಗಟ್ಟಲೆ ನಡೆಯುವ ಪಾದಯಾತ್ರೆಗೆ ಸಿದ್ಧರಾಗುತ್ತಿರುವ ಓದುಗರಿಂದ ಬಂದ ಪ್ರಶ್ನೆಗಳಲ್ಲಿ ಈ ಸಲ ಬೆಟ್ಟದ ಹಾದಿಯವನ್ನಷ್ಟೇ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಬಯಲಿನಲ್ಲಿ ದಿನಕ್ಕೆ 25 ಕಿ.ಮೀ. ಸಲೀಸಾಗಿ ನಡೆಯುತ್ತೇನೆ. ಬೆಟ್ಟ ಹತ್ತುವ ದಿನ ಎಷ್ಟು ದೂರ ಇಟ್ಟುಕೊಳ್ಳಬಹುದು?

ಉತ್ತರ: ಆ ದಿನವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ, ಏರಬೇಕಾದ ಮೀಟರಿನಲ್ಲಿ ಅಳೆಯಿರಿ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕ ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಸುಮಾರು 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದರಲ್ಲಿ ವಿಶ್ರಾಂತಿ ಸೇರಿಲ್ಲ. ಚೀಲ ಹೊತ್ತು, ಹಿಂದಿನ ದಿನಗಳ ದಣಿವನ್ನೂ ಹೊತ್ತು ನಡೆಯುವವರು ಬಂದ ಉತ್ತರಕ್ಕೆ ಅದರ ಅರ್ಧದಷ್ಟನ್ನು ಸೇರಿಸಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಮಾತು: ಹೊರಡುವ ಜಾಗದ ಎತ್ತರ ಮತ್ತು ತಲುಪುವ ಜಾಗದ ಎತ್ತರ ಎರಡನ್ನೇ ಕಳೆದು ಮೋಸಹೋಗುವವರು ಬಹಳ. ಜಪಾನಿನ ಶಿಕೋಕು ದ್ವೀಪದ 88 ದೇಗುಲಗಳ ಯಾತ್ರೆಯಲ್ಲಿ 11ನೆಯ ದೇಗುಲದಿಂದ 12ನೆಯದಾದ ಶೋಸಾಂಜಿಗೆ ಸುಮಾರು 13 ಕಿ.ಮೀ. ಶೋಸಾಂಜಿ ಇರುವುದು ಸುಮಾರು 700 ಮೀಟರ್ ಎತ್ತರದಲ್ಲಿ. ಆದರೆ ಹಾದಿ ಆ ಎತ್ತರವನ್ನು ಒಮ್ಮೆ ಮುಟ್ಟಿ, 400 ಮೀಟರ್ ಆಸುಪಾಸಿಗೆ ಇಳಿದು, ಮತ್ತೆ ಹತ್ತುತ್ತದೆ. ಒಟ್ಟು ಏರು ಸಾವಿರ ಮೀಟರಿನಷ್ಟಾಗುತ್ತದೆ. ನೈಸ್ಮಿತ್ ಲೆಕ್ಕದಲ್ಲಿ ನಾಲ್ಕೂಕಾಲು ಗಂಟೆ, ಅರ್ಧ ಸೇರಿಸಿದರೆ ಆರೂವರೆ. ಇಂಥ ಹಾದಿಗಳಿಗೆ ಅಲ್ಲಿ 'ಹೆನ್ರೊ ಕೊರೊಗಾಶಿ' ಎನ್ನುತ್ತಾರೆ, ಅಂದರೆ ಯಾತ್ರಿಕರನ್ನು ಉರುಳಿಸುವ ಜಾಗ. ನಕ್ಷೆ ನೋಡುವಾಗ 'ಒಟ್ಟು ಏರು' ಎಂಬ ಅಂಕಿಯನ್ನೇ ಹುಡುಕಿ.

ಪ್ರಶ್ನೆ: ಸ್ಪೇನಿನ ಸ್ಯಾಂಟಿಯಾಗೊ ಯಾತ್ರೆಯ ಮೊದಲ ದಿನವೇ ಪಿರನೀಸ್ ಪರ್ವತ ಎದುರಾಗುತ್ತದಂತೆ. ಅದನ್ನು ಒಂದೇ ದಿನದಲ್ಲಿ ದಾಟಬೇಕೆ?

ಉತ್ತರ: ಬೇಕಿಲ್ಲ. ಫ್ರಾನ್ಸಿನ ಸೇಂಟ್ ಜಾನ್ ಪಿಯೆ ದ ಪೋರ್ ಸುಮಾರು 170 ಮೀಟರಿನಲ್ಲಿದೆ. ಅಲ್ಲಿಂದ ಲೆಪೋಡೆರ್ ಕಣಿವೆದಾರಿಯ 1,430 ಮೀಟರಿಗೆ ಹತ್ತಿ, ರೊನ್ಸೆಸ್ವಾಯೆಸ್‌ನ 950 ಮೀಟರಿಗೆ ಇಳಿಯಬೇಕು. ಒಟ್ಟು 25 ಕಿ.ಮೀ. ಹತ್ತಿರ. ಆದರೆ ಅತಿ ಕಡಿದಾದ ಏರು ಇರುವುದು ಮೊದಲ 8 ಕಿ.ಮೀ.ನಲ್ಲೇ. ಅದು ಮುಗಿಯುವ ಒರಿಸೋನ್‌ನಲ್ಲಿ ತಂಗುದಾಣವಿದೆ. ಮುಂಚೆಯೇ ಜಾಗ ಕಾದಿರಿಸಿ ಅಲ್ಲಿ ರಾತ್ರಿ ಕಳೆದರೆ ದೇಹಕ್ಕೆ ಹೊಂದಿಕೊಳ್ಳಲು ಒಂದು ದಿನ ಸಿಗುತ್ತದೆ. ಲೆಪೋಡೆರ್‌ನಿಂದ ಇಳಿಯಲು ಎರಡು ದಾರಿಗಳಿವೆ. ಕಾಡಿನೊಳಗೆ ನೇರ ಇಳಿಯುವುದು ಬಲು ಕಡಿದು. ಇಬನ್ಯೇತಾ ಕಡೆಯಿಂದ ಸುತ್ತಿ ಬರುವುದು ಸ್ವಲ್ಪ ಉದ್ದ, ಆದರೆ ನಯವಾದ ಇಳಿಜಾರು. ಮಳೆ ಬಂದಿದ್ದರೆ ಎರಡನೆಯದನ್ನೇ ಹಿಡಿಯಿರಿ. ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಈ ಎತ್ತರದ ಹಾದಿ ಮುಚ್ಚಿರುತ್ತದೆ. ಆಗ ವಾಲ್‌ಕಾರ್ಲೋಸ್ ಕಣಿವೆಯ ಹಾದಿಯೊಂದೇ ಗತಿ.

ಪ್ರಶ್ನೆ: ಏರು ಶುರುವಾದ ಹತ್ತೇ ನಿಮಿಷಕ್ಕೆ ಏದುಸಿರು. ನಿಂತು ಸುಧಾರಿಸಿಕೊಂಡು ಹೊರಟರೆ ಮತ್ತೆ ಅದೇ ಕಥೆ. ಏನು ಮಾಡಲಿ?

ಉತ್ತರ: ನೀವು ಬಯಲಿನ ವೇಗವನ್ನೇ ಏರಿಗೂ ತರುತ್ತಿದ್ದೀರಿ. ಒಂದಿಡೀ ವಾಕ್ಯವನ್ನು ತಡವರಿಸದೆ ಹೇಳಲು ಆಗುವಷ್ಟು ನಿಧಾನಕ್ಕೆ ಹತ್ತಿ. ಎರಡು ಪದಕ್ಕೊಮ್ಮೆ ಉಸಿರು ಎಳೆಯಬೇಕಾದರೆ ವೇಗ ಹೆಚ್ಚಾಯಿತು ಎಂದೇ ಅರ್ಥ. ಮೊದಲ ಇಪ್ಪತ್ತು ನಿಮಿಷವಂತೂ 'ಇಷ್ಟು ನಿಧಾನವೇ' ಎನ್ನಿಸಬೇಕು.

ಹೆಜ್ಜೆ ಗಿಡ್ಡವಿರಲಿ, ಪಾದ ಪೂರ್ತಿ ನೆಲಕ್ಕೆ ಊರಲಿ. ತುದಿಗಾಲಲ್ಲಿ ಹತ್ತಿದರೆ ಮೀನಖಂಡ ಬೇಗ ಸೋಲುತ್ತದೆ. ತೀರಾ ಕಡಿದಾದ ಕಡೆ ಪ್ರತಿ ಹೆಜ್ಜೆಯಲ್ಲೂ ಹಿಂದಿನ ಕಾಲಿನ ಮಂಡಿಯನ್ನು ನೆಟ್ಟಗೆ ಮಾಡಿ, ಒಂದು ಕ್ಷಣ ಪೂರ್ತಿ ಭಾರವನ್ನು ಅದರ ಮೇಲೆ ಬಿಡಿ. ಆ ಕ್ಷಣ ಭಾರ ಹೊರುವುದು ಮೂಳೆ, ಸ್ನಾಯುವಿಗೆ ಬಿಡುವು. ಆಮೇಲೆ ಮುಂದಿನ ಕಾಲು. ನೋಡುವವರಿಗೆ ತೂಗಾಡಿದಂತೆ ಕಾಣುತ್ತದೆ, ಆದರೆ ಇದೇ ಲಯದಲ್ಲಿ ಗಂಟೆಗಟ್ಟಲೆ ಹತ್ತಬಹುದು. ದಣಿದು ಬಿದ್ದಮೇಲೆ ಅರ್ಧ ಗಂಟೆ ಕೂರುವುದಕ್ಕಿಂತ ಗಂಟೆಗೊಮ್ಮೆ ಐದು ನಿಮಿಷ ನಿಲ್ಲುವುದು ಲೇಸು. ಹೆಚ್ಚು ಹೊತ್ತು ಕೂತರೆ ಕಾಲು ಬಿಗಿಯುತ್ತದೆ, ಬೆವರಿದ ಬಟ್ಟೆ ತಣ್ಣಗಾಗಿ ಚಳಿ ಹಿಡಿಯುತ್ತದೆ. ಮೇಲಂಗಿಯನ್ನು ಏರು ಶುರುವಾಗುವ ಮುಂಚೆಯೇ ಬಿಚ್ಚಿ, ತುದಿ ಮುಟ್ಟಿದ ಕೂಡಲೇ ಹಾಕಿಕೊಳ್ಳಿ.

ಪ್ರಶ್ನೆ: ಹತ್ತುವುದು ಕಷ್ಟವಾಗಲಿಲ್ಲ. ಇಳಿದ ಮೇಲೆ ಮಂಡಿ ನೋವು, ಮಾರನೆಯ ದಿನ ತೊಡೆ ಮುಟ್ಟಲಾಗದಷ್ಟು ನೋವು, ಹೆಬ್ಬೆರಳಿನ ಉಗುರು ಕಪ್ಪಾಗಿದೆ. ಯಾಕೆ ಹೀಗೆ?

ಉತ್ತರ: ದೀರ್ಘ ಯಾತ್ರೆ ಅರ್ಧಕ್ಕೆ ನಿಲ್ಲಿಸುವುದು ಏರಲ್ಲ, ಇಳಿಜಾರು. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಮುದುಡುತ್ತಾ ದುಡಿಯುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಿಡಿಯಬೇಕು. ಹೀಗೆ ಹಿಗ್ಗಿ ಹಿಡಿಯುವ ಕೆಲಸದಲ್ಲಿ ಸ್ನಾಯುವಿನ ಎಳೆಗಳಿಗೆ ಸಣ್ಣಪುಟ್ಟ ಪೆಟ್ಟಾಗುತ್ತದೆ. ನೋವು ಜೋರಾಗುವುದು ಒಂದರಿಂದ ಮೂರು ದಿನದೊಳಗೆ.

ಸಮಾಧಾನದ ಸಂಗತಿಯೆಂದರೆ, ಒಮ್ಮೆ ಈ ಪೆಟ್ಟು ತಿಂದ ಸ್ನಾಯು ಮುಂದಿನ ಕೆಲವು ವಾರ ಅಷ್ಟು ನೋಯುವುದಿಲ್ಲ. ಆದ್ದರಿಂದ ಮನೆಯಲ್ಲೇ ಇಳಿಯುವುದನ್ನು ಅಭ್ಯಾಸ ಮಾಡಿ. ಲಿಫ್ಟಿನಲ್ಲಿ ಮೇಲೆ ಹೋಗಿ ಮೆಟ್ಟಿಲಿನಲ್ಲಿ ಇಳಿಯಿರಿ. ಯಾತ್ರೆಗೆ ಆರೆಂಟು ವಾರ ಮುಂಚೆ, ವಾರಕ್ಕೆರಡು ಸಲ, ಹತ್ತು ಮಹಡಿಯಿಂದ ಶುರುಮಾಡಿ ಮೂವತ್ತು ನಲವತ್ತಕ್ಕೆ ಏರಿಸಿ. ಚೀಲ ಹೊರುವುದು ಕೊನೆಯ ವಾರಗಳಲ್ಲಿ ಮಾತ್ರ.

ಹಾದಿಯಲ್ಲಿ ಮಂಡಿಯನ್ನು ಎಂದೂ ಪೂರ್ತಿ ನೆಟ್ಟಗೆ ಮಾಡಿ ಇಳಿಯಬೇಡಿ, ತುಸು ಬಾಗಿರಲಿ. ಬೀಳುವ ಹೆದರಿಕೆಗೆ ಹಿಂದಕ್ಕೆ ವಾಲಿದರೆ ಹಿಮ್ಮಡಿ ಮುಂದಕ್ಕೆ ಜಾರಿ ಬೀಳುವುದೇ ಹೆಚ್ಚು. ದೇಹದ ಭಾರ ಪಾದದ ಮೇಲೇ ಇರಲಿ.

ಉಗುರು ಕಪ್ಪಾಗಿದ್ದು ಪಾದ ಮುಂದಕ್ಕೆ ಜಾರಿ ಬೆರಳು ಶೂ ತುದಿಗೆ ಬಡಿದದ್ದರಿಂದ. ಉಗುರಿನಡಿ ರಕ್ತ ನಿಂತಿದೆ. ಬೆಟ್ಟದ ದಿನಕ್ಕೆ ಎರಡು ದಿನ ಮುಂಚೆ ಉಗುರನ್ನು ನೇರವಾಗಿ ಕತ್ತರಿಸಿಕೊಳ್ಳಿ. ಇಳಿಜಾರು ಶುರುವಾಗುವಲ್ಲಿ ಕೂತು ಲೇಸನ್ನು ಹೊಸದಾಗಿ ಕಟ್ಟಿ. ಕೊನೆಯ ತೂತಿಗೆ ಲೇಸನ್ನು ಅಡ್ಡ ದಾಟಿಸದೆ ಅದೇ ಬದಿಯಲ್ಲಿ ಪೋಣಿಸಿ, ಪುಟ್ಟದೊಂದು ಕುಣಿಕೆ ಬಿಡಿ. ಎರಡೂ ಬದಿ ಹೀಗಾದ ಮೇಲೆ ಎಡಗಡೆಯ ತುದಿಯನ್ನು ಬಲಗಡೆಯ ಕುಣಿಕೆಯೊಳಗೆ, ಬಲಗಡೆಯದನ್ನು ಎಡಗಡೆಯದರೊಳಗೆ ತೂರಿಸಿ. ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಶೂವಿನ ಹಿಂಬದಿಗೆ ಕೂರಿಸಿ, ತುದಿಗಳನ್ನು ಕೆಳಮುಖವಾಗಿ ಎಳೆದು ಗಂಟು ಹಾಕಿ. ಈಗ ಕಲ್ಲಿಗೆ ಮೆಲ್ಲಗೆ ಒದ್ದು ನೋಡಿ. ಬೆರಳು ತಾಕಿದರೆ ಇನ್ನೂ ಬಿಗಿಮಾಡಬೇಕು. ಆಗಲೂ ತಾಕಿದರೆ ಶೂ ಗಿಡ್ಡವಾಯಿತು.

ಮಂಡಿ ಊದಿಕೊಂಡರೆ, ಅಥವಾ ಮಡಚುವಾಗ ಸಿಕ್ಕಿಹಾಕಿಕೊಂಡಂತಾದರೆ ಇದ್ಯಾವುದೂ ಸಾಲದು. ನಡಿಗೆ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ಪ್ರಶ್ನೆ: ಊರುಗೋಲು ಒಂದು ಸಾಕೆ, ಎರಡು ಬೇಕೆ?

ಉತ್ತರ: ಬೆಟ್ಟಕ್ಕೆ ಎರಡು. ಸಮತಟ್ಟಿನಲ್ಲಿ ಕೋಲು ಊರಿದಾಗ ಮೊಣಕೈ ಲಂಬಕೋನದಲ್ಲಿರಲಿ. ಏರಿನಲ್ಲಿ 5ರಿಂದ 10 ಸೆಂ.ಮೀ. ಗಿಡ್ಡ ಮಾಡಿ, ಇಳಿಜಾರಿನಲ್ಲಿ ಅಷ್ಟೇ ಉದ್ದ ಮಾಡಿ. ಪಟ್ಟಿಯೊಳಗೆ ಕೈಯನ್ನು ಕೆಳಗಿನಿಂದ ತೂರಿಸಿ, ಪಟ್ಟಿಯನ್ನೂ ಹಿಡಿಯನ್ನೂ ಸೇರಿಸಿ ಹಿಡಿದರೆ ಭಾರ ಮಣಿಕಟ್ಟಿಗೆ ಹೋಗುತ್ತದೆ, ಬೆರಳು ದಣಿಯುವುದಿಲ್ಲ. ತುದಿಯ ರಬ್ಬರ್ ಟೊಪ್ಪಿಗೆ ಟಾರು ರಸ್ತೆಗೆ ಸರಿ, ಕೆಸರಿನಲ್ಲಿ ಜಾರುತ್ತದೆ, ಆಗ ತೆಗೆದಿಡಿ. ತಿರುಗಿಸಿ ಬಿಗಿಮಾಡುವ ಕೋಲಾದರೆ ಇಳಿಯುವ ಮುಂಚೆ ಮೈಭಾರ ಹಾಕಿ ಒತ್ತಿ ನೋಡಿ.

ಪ್ರಶ್ನೆ: ಎತ್ತರದ ಯಾತ್ರಾಸ್ಥಳಗಳಲ್ಲಿ ಬರುವ ತಲೆನೋವೂ ದಣಿವೇ ತಾನೆ?

ಉತ್ತರ: ಹಾಗೆಂದು ಸುಮ್ಮನಾಗಬೇಡಿ. 2,500 ಮೀಟರ್ ದಾಟಿದ ಮೇಲೆ ತಲೆನೋವಿನ ಜೊತೆ ವಾಕರಿಕೆ, ತಲೆಸುತ್ತು ಬಂದರೆ ಅದು ಎತ್ತರದ ಕಾಯಿಲೆ ಎಂದೇ ಹಿಡಿಯಿರಿ. ಗಟ್ಟಿಮುಟ್ಟಾದ ತರುಣರಿಗೂ ಬರುತ್ತದೆ. ಗುಣವಾಗುವ ತನಕ ಮೇಲೆ ಹತ್ತಬಾರದು. ನೆಟ್ಟಗೆ ನಡೆಯಲಾಗದೆ ತೂರಾಡಿದರೆ, ಮಾತು ಅಸ್ತವ್ಯಸ್ತವಾದರೆ, ಕೂತಲ್ಲೇ ಉಸಿರು ಕಟ್ಟಿದರೆ ಬೆಳಗಿಗೆ ಕಾಯದೆ ಕೂಡಲೇ ಕೆಳಗಿಳಿಸಿ. ಕೈಲಾಸ ಪರಿಕ್ರಮದ ಡೋಲ್ಮಾ ಲಾ ಕಣಿವೆದಾರಿ 5,600 ಮೀಟರಿಗಿಂತ ಎತ್ತರ. ಅಂಥ ಕಡೆ ಹೋಗುವವರು 3,000 ಮೀಟರಿನ ನಂತರ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಅಲ್ಲೇ ಉಳಿಯಬೇಕು.

ಪ್ರಶ್ನೆ: ಬೆಟ್ಟದ ದಿನ ಚೀಲವನ್ನು ವಾಹನದಲ್ಲಿ ಮುಂದಿನ ತಂಗುದಾಣಕ್ಕೆ ಕಳಿಸಿದರೆ ಯಾತ್ರೆಗೆ ಕೊರತೆಯಾಗುತ್ತದೆಯೇ?

ಉತ್ತರ: ನಮ್ಮ ಮಟ್ಟಿಗೆ ಇಲ್ಲ. ಮಂಡಿ ಕೈಕೊಟ್ಟು ಮನೆಗೆ ಮರಳುವುದೇ ದೊಡ್ಡ ಕೊರತೆ. ಆದರೆ ಬರಿಗೈಯಲ್ಲಿ ಬೆಟ್ಟ ಹತ್ತಬೇಡಿ. ನೀರು, ತಿನ್ನಲು ಎರಡು ಹೊತ್ತಿನಷ್ಟು, ಮಳೆಯಂಗಿ, ಬೆಚ್ಚನೆಯ ಮೇಲಂಗಿ, ಒಣಗಿದ ಒಂದು ಜೊತೆ ಕಾಲುಚೀಲ, ತಲೆದೀಪ, ಚಾರ್ಜ್ ಆದ ಫೋನು, ನಿತ್ಯದ ಮಾತ್ರೆ, ಗುರುತಿನ ಚೀಟಿ ಮತ್ತು ಹಣ ನಿಮ್ಮ ಜೊತೆಯಲ್ಲೇ ಇರಲಿ. ಕಳಿಸಿದ ಚೀಲ ಬರುವುದು ತಡವಾದರೆ ಆ ರಾತ್ರಿ ಇಷ್ಟರಲ್ಲೇ ಕಳೆಯಬೇಕಾಗುತ್ತದೆ.